ಕಾಶಮ್ಮ ಕೊಟ್ಟ ಬಾಟಲಿ

ಪುಣೆ
10 ಮಾರ್ಚ್ 1963

ಪ್ರೀತಿಯ ಜಗದಾಂಬಾ,

ನಿನ್ನ ಕಾಗದ ಬಂದು ವಾರವಾಯಿತು. "ಅಲ್ಲಿ ಕೂತು ದಿನವಿಡೀ ಏನು ಮಾಡುತ್ತೀಯ, ಅವ್ವ ಕೇಳುತ್ತಿದ್ದಾಳೆ" ಎಂದು ಬರೆದಿದ್ದೀಯ. ಅತ್ತೆಯ ನೆಪದಲ್ಲಿ ಕೇಳುತ್ತಿರುವುದು ನೀನೇ. ಇರಲಿ, ಹೇಳುತ್ತೇನೆ. ಹೈಸ್ಕೂಲಿನ ಹುಡುಗಿಯರಿಗೆ ವಿಜ್ಞಾನ ಕಲಿಸುವವಳು ನೀನು. ಅತ್ತೆಗೆ ತಿಳಿಯುವ ಹಾಗೆ ಹೇಳುವ ಕೆಲಸ ನಿನ್ನದು.

ನಮ್ಮ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಕಾಲಿಸಿನ್ ಎಂಬ ವಿಷ ತಯಾರಿಸುತ್ತವೆ. ನಮಗೆ ಅದರಿಂದ ಏನೂ ಆಗದು, ಅವುಗಳ ದಾಯಾದಿ ಬ್ಯಾಕ್ಟೀರಿಯಾಗಳು ಮಾತ್ರ ಸಾಯುತ್ತವೆ. ರಕ್ತಭೇದಿ ತರುವ ಬ್ಯಾಕ್ಟೀರಿಯಾಗಳಲ್ಲೂ ಕೆಲವು ಈ ವಿಷ ಮಾಡುತ್ತವೆ, ಕೆಲವು ಮಾಡುವುದಿಲ್ಲ. ರೋಗಿಯಲ್ಲಿ ಸಿಕ್ಕಿದ್ದು ಯಾವ ವಿಷ ಮಾಡುತ್ತದೆ, ನೀರಿನಲ್ಲಿ ಸಿಕ್ಕಿದ್ದು ಯಾವುದನ್ನು ಮಾಡುತ್ತದೆ ಎಂದು ಹೋಲಿಸಿ ರೋಗದ ಮೂಲ ಹಿಡಿಯುತ್ತೇವೆ. ನಮ್ಮ ಪ್ರೊಫೆಸರರಿಗೆ ಹೆಸರು ಬಂದಿರುವುದೇ ಇದರಿಂದ.

ನನಗೆ ಹೋದ ತಿಂಗಳು ಸಿಕ್ಕಿದ್ದು ಬೇರೆಯದು. ವಿಷ ಮಾಡುವ ವಿದ್ಯೆ ಆ ಬ್ಯಾಕ್ಟೀರಿಯಾದ ಕುಲಕ್ಕೆ ಅಂಟಿದ್ದಲ್ಲ. ಅದು ಒಂದು ಸಣ್ಣ, ಬಿಡಿಯಾದ ಅಂಶದಲ್ಲಿದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇನ್ನೊಂದು ಅಂಶವೂ ಇರುತ್ತದೆ. ಅದಕ್ಕೆ ಫಲವಂತಿಕೆಯ ಅಂಶ ಎಂದು ಹೆಸರು. ಅದಿರುವ ಜೀವಕೋಶ ಪಕ್ಕದ್ದನ್ನು ತಬ್ಬಿಕೊಂಡು ತನ್ನಲ್ಲಿರುವುದನ್ನು ದಾಟಿಸುತ್ತದೆ. ವಿಷದ ಅಂಶಕ್ಕೆ ಒಂಟಿಯಾಗಿ ದಾಟಲು ಬಾರದು. ಫಲವಂತಿಕೆಯ ಅಂಶ ಜೊತೆಗಿದ್ದರೆ ಅದರ ಬೆನ್ನು ಹಿಡಿದು ಹೋಗಿಬಿಡುತ್ತದೆ. ವಿಷ ಮಾಡುವ ಕರುಳಿನ ಸಾಧು ಬ್ಯಾಕ್ಟೀರಿಯಾವನ್ನೂ ವಿಷವನ್ನೇ ಅರಿಯದ ರಕ್ತಭೇದಿಯದನ್ನೂ ಸಂಜೆ ಒಂದೇ ನಳಿಕೆಯಲ್ಲಿ ಬಿಟ್ಟಿದ್ದೆ. ಬೆಳಿಗ್ಗೆ ರಕ್ತಭೇದಿಯದನ್ನು ಬೇರೆ ಮಾಡಿ ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ, ಅದೂ ಸುತ್ತಲಿನವನ್ನು ಕೊಂದು ಬೋಳು ವೃತ್ತ ಮಾಡಿಟ್ಟಿತು. ಪ್ರೊಫೆಸರರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಸದ್ಯಕ್ಕೆ ಇದು ನಿನ್ನಲ್ಲೇ ಇರಲಿ" ಎಂದರು.

ಮದುವೆ ಕಾರ್ತಿಕದಲ್ಲೇ ಆಗಲಿ ಎಂದು ಅಪ್ಪ ಬರೆದಿದ್ದಾರೆ. ಥೀಸಿಸ್ ಮುಗಿಸದೆ ಹೇಗೆ ಬರಲಿ? ಒಂದು ವರ್ಷ ತಾಳು. ಐದು ವರ್ಷ ಅನ್ನ ಹಾಕಿ ಓದಿಸಿದ ಅತ್ತೆಗೆ ಡಾಕ್ಟರ್ ಹಾಲಸ್ವಾಮಿಯಾಗಿಯೇ ಅಳಿಯನಾಗಬೇಕು ಎಂದು ನನ್ನ ಆಸೆ.

ನಿನ್ನ
ಹಾಲಸ್ವಾಮಿ


ಸವಳಂಗ ರಸ್ತೆ, ಶಿವಮೊಗ್ಗ
7 ಜುಲೈ 1963

ಪ್ರೀತಿಯ ಭಾವನಿಗೆ,

ನಿನ್ನ ಬ್ಯಾಕ್ಟೀರಿಯಾಗಳ ಕತೆಯನ್ನು ಅವ್ವನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಲೇ ಕೇಳಿ, "ಹೆಪ್ಪು ಹಾಕಿದ ಹಾಗೆ ಅನ್ನು. ಇದಕ್ಕೆ ಪುಣೆಗೆ ಹೋಗ್ಬೇಕಿತ್ತಾ?" ಎಂದಳು.

ಇವತ್ತು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಶನಿವಾರ ಸ್ಕೂಲು ಮುಗಿಸಿ ಎಂದಿನಂತೆ ಭದ್ರಾವತಿಗೆ, ಅವ್ವನ ಹತ್ತಿರ ಹೋಗಿದ್ದೆ. ನಮ್ಮ ಖಾನಾವಳಿಯ ಹಿಂದುಗಡೆ ಕಂಟ್ರಾಕ್ಟರ್ ಪುಟ್ಟಪ್ಪನವರ ಕೂಲಿ ಲೈನಿದೆಯಲ್ಲ, ಅಲ್ಲಿ ಮನೆಮನೆಗೂ ರಕ್ತಭೇದಿ. ಶೇಷಪ್ಪನನ್ನು ನೀನು ಬಲ್ಲೆ. ಮಧ್ಯಾಹ್ನ ನಮ್ಮಲ್ಲೇ ಊಟ ಮಾಡಿ, ಮನೆಗೆ ಕ್ಯಾರಿಯರಿನಲ್ಲಿ ಮಜ್ಜಿಗೆ ಅನ್ನ ಒಯ್ಯುತ್ತಿದ್ದವನು. ಅವನ ಮಗಳು, ನಾಲ್ಕು ವರ್ಷದ್ದು, ಹೋಗಿಬಿಟ್ಟಿತು. ಅವನ ಹೆಂಡತಿ ವಿಶಾಲಮ್ಮ ಮಗುವಿನ ಲಂಗವನ್ನು ಒಗೆದು ಹಗ್ಗದ ಮೇಲೆ ಹಾಕಿದ್ದರು. ಯಾರೂ ತೆಗೆಯುವಂತಿಲ್ಲ.

ಲೈನಿಗೆಲ್ಲ ಇರುವುದು ಒಂದೇ ಬಾವಿ. ಮಳೆ ಬಂದರೆ ಸುತ್ತಲಿನ ಕೊಳೆಯೆಲ್ಲ ಅದಕ್ಕೇ. ಬಾವಿಯದೇ ದೋಷ ಎನ್ನುತ್ತಾರೆ ಕೆಲವರು. ಬಾವಿ ಮುಚ್ಚಿದರೆ ಪುಟ್ಟಪ್ಪನವರು ಬೇರೆ ನೀರು ಕೊಡಬೇಕಾಗುತ್ತದೆ, ಅದಕ್ಕೇ ಅವರು ನಮ್ಮ ಊಟದ ಕಡೆ ಬೆರಳು ತೋರಿಸುತ್ತಿದ್ದಾರೆ. ನಿನ್ನ ಪ್ರೊಫೆಸರರು ಮೂಲ ಹಿಡಿಯುತ್ತಾರೆ ಎಂದೆಯಲ್ಲ. ಕೇಳಿ ನೋಡುತ್ತೀಯಾ?

ಜಗದಾಂಬಾ


ಪುಣೆ
14 ಜುಲೈ 1963

ಪ್ರೀತಿಯ ಜಗದಾಂಬಾ,

ನಿನ್ನ ಕಾಗದವನ್ನು ಹಾಗೇ ಪ್ರೊಫೆಸರರ ಮುಂದಿಟ್ಟೆ. ಆ ಕ್ಷಣವೇ ನಿಮ್ಮ ಕಡೆಯ ಆರೋಗ್ಯಾಧಿಕಾರಿಗೆ ಬರೆಸಿದರು. ಔಷಧದ ನೀರು ತುಂಬಿದ ಬಾಟಲಿಗಳು ರೈಲಿನಲ್ಲಿ ಬರುತ್ತವೆ. ರೋಗಿಗಳ ಮಲದ ಮಾದರಿ, ಆಸ್ಪತ್ರೆಯವರು ತೆಗೆದಿಟ್ಟಿದ್ದರೆ ಸತ್ತ ಮಗುವಿನದೂ, ಬಾವಿಯ ನೀರು, ಜೊತೆಗೆ ಅಡುಗೆ ಮಾಡಿ ಬಡಿಸುವವರ ಮಾದರಿಯೂ ಬೇಕು. ಈ ಕೆಲಸ ಸರಿಯಾದರೆ ನನ್ನ ಥೀಸಿಸಿನ ಕೊನೆಯ ಅಧ್ಯಾಯ ಮುಗಿದಂತೆ.

ಅತ್ತೆ ಒಪ್ಪಲಿಕ್ಕಿಲ್ಲ, ನಾಚಿಕೊಳ್ಳುತ್ತಾರೆ. ನೀನೇ ಹೇಳು. ಹಾಲಸ್ವಾಮಿ ಕೇಳಿದ್ದಾನೆ ಎನ್ನು. ಕೊಟ್ಟರೆ ಪುಟ್ಟಪ್ಪನ ಬಾಯಿ ತಾನಾಗಿ ಮುಚ್ಚುತ್ತದೆ.

ನಿನ್ನ
ಹಾಲಸ್ವಾಮಿ


ಶಿವಮೊಗ್ಗ
28 ಜುಲೈ 1963

ಪ್ರೀತಿಯ ಭಾವನಿಗೆ,

ಬಾಟಲಿಗಳು ಹೊರಟವು. ಅವ್ವನನ್ನು ಒಪ್ಪಿಸಲು ನನಗೆ ಎರಡು ಶನಿವಾರ ಬೇಕಾಯಿತು. "ಥೂ, ಅಳಿಯ ಆಗೋನಿಗೆ ಇದನ್ನ ಕಳಿಸ್ಬೇಕೇನೆ? ಜನ ಕೇಳಿದ್ರೆ ಏನಂತಾರೆ?" ಹೆಲ್ತ್ ಇನ್ಸ್‌ಪೆಕ್ಟರು ಬಂದು ನಿಂತರೆ ಒಳಗೆ ಹೋಗಿ ಕದ ಹಾಕಿಕೊಂಡಳು. ಕೊನೆಗೆ ನಾನು ನಿನ್ನ ಹೆಸರು ಹೇಳಿದೆ, ಅವನ ಓದಿಗೆ ಬೇಕಂತೆ ಅವ್ವ ಎಂದೆ. "ಅವನ ಓದಿಗೆ ಅಂದ್ರೆ ಸರಿ. ತಾ ಇಲ್ಲಿ. ನೀನು ಆ ಕಡೆ ತಿರುಗು" ಎಂದಳು.

ಬಾಟಲಿಯ ಮೇಲೆ 'ಕಾಶಮ್ಮ, ಖಾನಾವಳಿ' ಎಂದು ಬರೆದ ಅಕ್ಷರ ನನ್ನದೇ. ಸಿಕ್ಕಿದಾಗ ಗುರುತು ಹಿಡಿ.

ಲೈನಿನಲ್ಲಿ ಈಗ ಹೊಸಬರು ಯಾರೂ ಮಲಗಿಲ್ಲ. ವಿಶಾಲಮ್ಮನ ಕೈಯಲ್ಲಿ ಎಂಟು ತಿಂಗಳ ಗಂಡು ಕೂಸಿದೆ. ಅದಕ್ಕೆ ನೀರು ಕುಡಿಸಲು ಹೆದರುತ್ತಾರೆ. ನೀನು ಬೇಗ ಹೇಳು.

ಜಗದಾಂಬಾ


ಶಿವಮೊಗ್ಗ
29 ಸೆಪ್ಟೆಂಬರ್ 1963

ಭಾವ,

ಎರಡು ತಿಂಗಳಿಂದ ನಿನ್ನ ಒಂದು ಸಾಲೂ ಇಲ್ಲ. ನಿನ್ನ ವರದಿ ಮಾತ್ರ ಬಂತು.

ನಿನ್ನೆ ಮಧ್ಯಾಹ್ನ, ಊಟದ ಹೊತ್ತು. ಪಂಕ್ತಿಯಲ್ಲಿ ಇಪ್ಪತ್ತು ಜನ ಕೂತಿದ್ದರು. ಇನ್ಸ್‌ಪೆಕ್ಟರು ಬಂದು ಎಲ್ಲರನ್ನೂ ಎಬ್ಬಿಸಿದರು. ಹುರುಳಿ ಸಾರಿನ ಹಂಡೆಯನ್ನು ಚರಂಡಿಗೆ ಸುರಿಸಿದರು. ಬಾಗಿಲಿಗೆ ಕಾಗದ ಅಂಟಿಸಿದರು. ಕೆಳಗೆ ನಿನ್ನ ಪ್ರೊಫೆಸರರ ಸಹಿ, ಅದರ ಕೆಳಗೆ ನಿನ್ನದು. ಕನ್ನಡ ಬಾರದ ಕಾರ್ಮಿಕರಿಗೆ ಯಾರೋ ತಮಿಳಿನಲ್ಲಿ ಓದಿ ಹೇಳಿದರು. ಸತ್ತ ಮಗುವಿನಲ್ಲೂ ಉಳಿದ ರೋಗಿಗಳಲ್ಲೂ ಸಿಕ್ಕಿದ ಬ್ಯಾಕ್ಟೀರಿಯಾ ಕಾಲಿಸಿನ್ ಮಾಡುತ್ತದೆ. ಖಾನಾವಳಿಯ ಕಾಶಮ್ಮನಲ್ಲಿ ಸಿಕ್ಕಿದ್ದೂ ಅದೇ ಕಾಲಿಸಿನ್ ಮಾಡುತ್ತದೆ. ಬಾವಿಯಲ್ಲಿ ಸಿಕ್ಕಿದ್ದು ಮಾಡುವುದಿಲ್ಲ. ಆದ್ದರಿಂದ ರೋಗ ಹರಡಿದ್ದು ಖಾನಾವಳಿಯಿಂದ, ಬಾವಿಯಿಂದಲ್ಲ, ಇದರಲ್ಲಿ ಸಂಶಯವಿಲ್ಲ. ಹೀಗೆ ಬರೆದಿದ್ದೀರಿ.

ಶೇಷಪ್ಪ ಅಲ್ಲೇ ಇದ್ದ. ಅವ್ವನನ್ನು ನೋಡಿದ. ಖಾಲಿ ಕ್ಯಾರಿಯರನ್ನು ಜಗಲಿಯ ಮೇಲಿಟ್ಟು ಹೊರಟುಹೋದ.

ಅವ್ವ ರಾತ್ರಿ ಊಟ ಮಾಡಲಿಲ್ಲ. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದಳು. "ನಂಗೆ ಹೊಟ್ಟೆನೋವೂ ಬಂದಿಲ್ವಲ್ಲೇ. ನನ್ನ ಕೈಯಿಂದಾನಾ ಆ ಮಗು ಹೋಗಿದ್ದು?" ಎಂದಳು.

ಜಗದಾಂಬಾ


ಪುಣೆ
8 ಅಕ್ಟೋಬರ್ 1963

ಪ್ರೀತಿಯ ಜಗದಾಂಬಾ,

ನಿನ್ನ ಕಾಗದ ಓದಿ ಮನಸ್ಸು ಬಹಳ ನೊಂದಿತು. ಆದರೆ ನೀನು ವಿಜ್ಞಾನ ಓದಿದವಳು. ಪ್ರಯೋಗಾಲಯದೊಳಗೆ ಅತ್ತೆ, ಮಾವ ಎಂಬುದಿಲ್ಲ. ತಟ್ಟೆಯ ಮೇಲೆ ಕಂಡದ್ದನ್ನು ಬರೆದೆವು. ರೋಗವನ್ನು ಹೊತ್ತು ತಿರುಗುವವರಿಗೆ ಎಷ್ಟೋ ವೇಳೆ ತಮಗೇ ಗೊತ್ತಿರುವುದಿಲ್ಲ. ಇದರಲ್ಲಿ ಅತ್ತೆಯ ತಪ್ಪೇನೂ ಇಲ್ಲ ಎಂದು ನೀನು ಸಮಾಧಾನ ಹೇಳು. ಖಾನಾವಳಿ ಹೋದರೆ ಹೋಯಿತು. ನಾಳೆ ನನಗೆ ಕೆಲಸವಾದ ಮೇಲೆ ಅವರು ಒಲೆಯ ಮುಂದೆ ಯಾಕೆ ಬೇಯಬೇಕು?

ನಿನ್ನ
ಹಾಲಸ್ವಾಮಿ


ಶಿವಮೊಗ್ಗ
16 ಅಕ್ಟೋಬರ್ 1963

ಭಾವ,

ತಟ್ಟೆಯ ಮೇಲೆ ಕಂಡದ್ದನ್ನು ಬರೆದಿರಿ, ಒಪ್ಪಿದೆ. ತಟ್ಟೆಯ ಮೇಲೆ ಮೊದಲೇ ಕಂಡಿದ್ದ ಇನ್ನೊಂದನ್ನು ಯಾಕೆ ಬರೆಯಲಿಲ್ಲ?

ವಿಷದ ಅಂಶ ರಾತ್ರಿ ಬೆಳಗಾಗುವುದರಲ್ಲಿ ಸಾಧು ಬ್ಯಾಕ್ಟೀರಿಯಾದಿಂದ ರಕ್ತಭೇದಿಯದಕ್ಕೆ ದಾಟಿತು ಎಂದು ಮಾರ್ಚಿನಲ್ಲಿ ನೀನೇ ನನಗೆ ಬರೆದೆ. ಹಾಗಿದ್ದರೆ ಬಾವಿಯ ಬ್ಯಾಕ್ಟೀರಿಯಾ ಮಗುವಿನ ಹೊಟ್ಟೆಗೆ ಹೋಗಿ, ಅಲ್ಲಿದ್ದ ಇನ್ನೊಂದರಿಂದ ವಿಷದ ಅಂಶ ಪಡೆದಿರಬಾರದೇಕೆ? ಆಗ ಮಗುವಿನಲ್ಲಿ ಸಿಗುವುದು ವಿಷ ಮಾಡುವಂಥದ್ದೇ. ಮೂಲ ಮಾತ್ರ ಬಾವಿಯೇ. ಅವ್ವನಲ್ಲಿ ಸಿಕ್ಕಿದ್ದೂ ಅದೇ ಲೈನಿನ ಜನರ ತಟ್ಟೆ ಲೋಟ ತೊಳೆದು ಅವಳಿಗೆ ಬಂದಿರಬಹುದು. ವಾರವಿಡೀ ಯೋಚಿಸಿದೆ, ಕಪ್ಪು ಹಲಗೆಯ ಮೇಲೆ ಬರೆದೂ ನೋಡಿದೆ. ನಾನು ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂದು ತೋರಿಸು.

ಅವ್ವ ಮಾಡಿಲ್ಲ ಎಂದು ಬರೆ ಅನ್ನುತ್ತಿಲ್ಲ. ಅದು ನಿನಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. 'ಸಂಶಯವಿಲ್ಲ' ಎಂದಿರುವ ಕಡೆ 'ಖಚಿತವಿಲ್ಲ' ಎಂದು ಒಂದು ಮಾತು ಬರೆದು ಕಳಿಸು. ಅಷ್ಟೇ. ಬಾವಿಗೆ ಈಗ ಯಾರೂ ಹೆದರುತ್ತಿಲ್ಲ. ಪುಟ್ಟಪ್ಪನವರು ಅದಕ್ಕೆ ಹೊಸ ರಾಟೆ ಹಾಕಿಸಿದ್ದಾರೆ.

ಅವ್ವನ ಅಂಗೈ ಸುಲಿದು ರಕ್ತ ಬರುತ್ತಿದೆ. ನನಗೆ ನೀರು ಕೊಡುವಾಗಲೂ ಲೋಟ ನೆಲದ ಮೇಲಿಟ್ಟು ದೂರ ಸರಿಯುತ್ತಾಳೆ.

ಜಗದಾಂಬಾ


ಪುಣೆ
21 ಡಿಸೆಂಬರ್ 1963

ಪ್ರೀತಿಯ ಜಗದಾಂಬಾ,

ನಿನ್ನ ಕಾಗದಕ್ಕೆ ಎರಡು ಸಲ ಉತ್ತರ ಬರೆದು ಹರಿದೆ. ಇದನ್ನು ಕಳಿಸುತ್ತೇನೆ.

ನೀನು ತಪ್ಪಿಲ್ಲ. ವರದಿ ಬರೆಯುವಾಗ ನನಗೂ ಹೊಳೆದಿತ್ತು. ಪ್ರೊಫೆಸರರ ಬಳಿ ಎತ್ತಿದೆ. "ಹಾಲಸ್ವಾಮಿ, ನಳಿಕೆಯಲ್ಲಿ ಆದದ್ದೆಲ್ಲ ಹೊಟ್ಟೆಯಲ್ಲಿ ಆಗಬೇಕೆಂದಿಲ್ಲ. ಈ ಮಾತು ಬರೆದರೆ ನಮ್ಮ ಹತ್ತು ವರ್ಷದ ಕೆಲಸಕ್ಕೆ ನಾವೇ ಕೊಡಲಿ ಹಾಕಿದಂತೆ" ಎಂದರು. ಸಹಿ ಮಾಡುವ ಪೆನ್ನನ್ನು ಅವರೇ ಕೊಟ್ಟರು. ನಿನ್ನ ಅಕ್ಷರವಿದ್ದ ಬಾಟಲಿ ಎದುರಿಗೇ ಇತ್ತು. ಮಾಡಿದೆ.

ಜೂನ್ ಹೊತ್ತಿಗೆ ಥೀಸಿಸಿನ ಫಲಿತಾಂಶ ಬರುತ್ತದೆ. ಪರೀಕ್ಷಕರು ಅವರ ಗೆಳೆಯರೇ. ಅಲ್ಲಿಯವರೆಗೆ ತಡೆ. ಆಮೇಲೆ ನಾನೇ ಬರೆಯುತ್ತೇನೆ, ಆಣೆ ಮಾಡಿ ಹೇಳುತ್ತೇನೆ. ಇದನ್ನು ಯಾರಿಗೂ ತೋರಿಸಬೇಡ. ಅತ್ತೆಗೂ ಹೇಳಬೇಡ, ಅವರಿಗೆ ಅರ್ಥವಾಗುವುದಿಲ್ಲ. ಇದೆಲ್ಲ ನಮ್ಮಿಬ್ಬರ ಮುಂದಿನ ಬಾಳಿಗಾಗಿಯೇ ಅಲ್ಲವೇ?

ನಿನ್ನ
ಹಾಲಸ್ವಾಮಿ


ಶಿವಮೊಗ್ಗ
2 ಜನವರಿ 1964

ಭಾವ,

ಇಷ್ಟು ದಿನ ನಿನಗೆ ಹೊಳೆದಿಲ್ಲ ಎಂದುಕೊಂಡಿದ್ದೆ. ಹೊಳೆದಿಲ್ಲದಿದ್ದರೆ ಚೆನ್ನಾಗಿತ್ತು.

ಆರೋಗ್ಯಾಧಿಕಾರಿಯ ಹತ್ತಿರ ನಾನೇ ಹೋಗಿದ್ದೆ. ನಿನ್ನ ಕಾಗದ ತೋರಿಸಲಿಲ್ಲ. ನೀನು ಬೇಡ ಎಂದಿದ್ದೆ. ನನಗೆ ತಿಳಿದಷ್ಟು ಹೇಳಿದೆ. ಅವರು ಕುರ್ಚಿ ಕೊಟ್ಟು ಕೂರಿಸಿ ಕೇಳಿದರು. "ನೀವು ಹೇಳೋದು ಸರಿ ಮೇಡಂ. ಆದರೆ ಪುಣೆಯವರು ಹೀಗೆ ಬರೆದುಕೊಟ್ಟಿದ್ದಾರಲ್ಲ. ಮಗಳು ತಾಯಿ ಪರ ಮಾತಾಡೋದು ಸಹಜ" ಎಂದರು. ಹೊರಗೆ ಬಂದಾಗ ನನ್ನ ಕೈಚೀಲದಲ್ಲಿ ನಿನ್ನ ಕಾಗದವಿತ್ತು.

ಅವ್ವನನ್ನು ಶಿವಮೊಗ್ಗಕ್ಕೆ, ನನ್ನ ಕೋಣೆಗೆ ಕರೆತಂದಿದ್ದೇನೆ.

ಜಗದಾಂಬಾ


ಶಿವಮೊಗ್ಗ
5 ಜುಲೈ 1964

ಹಾಲಸ್ವಾಮಿಯವರಿಗೆ,

ಮಳೆ ಶುರುವಾಗಿ ಹದಿನೈದು ದಿನವಾಯಿತು. ಕೂಲಿ ಲೈನಿನಲ್ಲಿ ಮತ್ತೆ ರಕ್ತಭೇದಿ. ಖಾನಾವಳಿ ಮುಚ್ಚಿ ಒಂಬತ್ತು ತಿಂಗಳಾಗಿದೆ. ವಿಶಾಲಮ್ಮನ ಗಂಡು ಕೂಸು ಆಸ್ಪತ್ರೆಯಲ್ಲಿದೆ.

ಜಗದಾಂಬಾ


ಪುಣೆ
29 ಆಗಸ್ಟ್ 1964

ಪ್ರೀತಿಯ ಜಗದಾಂಬಾ,

ಫಲಿತಾಂಶ ನಿನ್ನೆ ಬಂತು. ಈಗ ನಾನು ಡಾಕ್ಟರ್ ಹಾಲಸ್ವಾಮಿ. ಅಪ್ಪನಿಗೂ ಮೊದಲು ನಿನಗೆ ತಿಳಿಸುತ್ತಿದ್ದೇನೆ.

ಮಾತಿನಂತೆ ಇವತ್ತು ಬೆಳಿಗ್ಗೆಯೇ ಆರೋಗ್ಯಾಧಿಕಾರಿಗೆ ಬರೆದು ರಿಜಿಸ್ಟರ್ ಮಾಡಿಸಿದೆ. ವಿಷದ ಅಂಶ ಒಂದರಿಂದ ಇನ್ನೊಂದಕ್ಕೆ ದಾಟಬಲ್ಲದು, ಆದ್ದರಿಂದ ಆ ವರದಿಯ ಆಧಾರದ ಮೇಲೆ ಖಾನಾವಳಿಯೇ ಮೂಲವೆಂದಾಗಲಿ ಬಾವಿ ಅಲ್ಲವೆಂದಾಗಲಿ ಹೇಳಲಾಗದು ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ನಕಲು ಇದರೊಂದಿಗಿದೆ. ಅತ್ತೆ ಮತ್ತೆ ಒಲೆ ಹಚ್ಚಲಿ. ಆ ಕೂಸು ಉಳಿಯಿತೆಂದು ಅಪ್ಪ ಬರೆದಿದ್ದರು, ದೇವರು ದೊಡ್ಡವನು.

ದೀಪಾವಳಿಗೆ ಬರುತ್ತೇನೆ. ದಿನ ಗೊತ್ತುಮಾಡಲು ಅಪ್ಪ ನಿಮ್ಮಲ್ಲಿಗೆ ಬರುತ್ತಾರೆ. ಆದದ್ದನ್ನು ಮರೆಯೋಣ.

ಎಂದೆಂದೂ ನಿನ್ನ
ಹಾಲಸ್ವಾಮಿ


ಶಿವಮೊಗ್ಗ
20 ಸೆಪ್ಟೆಂಬರ್ 1964

ಡಾ. ಹಾಲಸ್ವಾಮಿಯವರಿಗೆ,

ನಿಮ್ಮ ಕಾಗದವೂ ನಕಲೂ ತಲುಪಿದವು. ನೀವು ಬರೆಯುವ ಹೊತ್ತಿಗೆ ಬಾವಿಯನ್ನು ಮುಚ್ಚಿ ತಿಂಗಳಾಗಿತ್ತು. ಈ ಸಲ ಖಾನಾವಳಿಯ ಹೆಸರು ಹೇಳಲು ಖಾನಾವಳಿಯೇ ಇರಲಿಲ್ಲ, ಹಾಗಾಗಿ ಎಲ್ಲರಿಗೂ ತಾನಾಗಿ ತಿಳಿಯಿತು. ಅಧಿಕಾರಿಗಳು ನಿಮ್ಮ ಕಾಗದ ಓದಿ ಫೈಲಿಗೆ ಹಾಕಿದರು. ಲೈಸೆನ್ಸು ಮತ್ತೆ ಕೊಡುತ್ತಾರಂತೆ. ಅವ್ವ ಬೇಡ ಎಂದಳು.

ನಿಮಗೆ ಮೊದಲೇ ಗೊತ್ತಿತ್ತು ಎಂಬುದನ್ನು ಅವ್ವನಿಗೆ ಹೇಳಿದ್ದೇನೆ. ಅವಳಿಗೆ ಅರ್ಥವಾಗುವುದಿಲ್ಲ ಎಂದು ನೀವು ಬರೆದಿದ್ದಿರಿ. ಅರ್ಥವಾಯಿತು. "ಯಾವಾಗಿಂದ ಗೊತ್ತಿತ್ತು?" ಎಂದು ಕೇಳಿದಳು. ವರದಿ ಬರೆಯುವಾಗಲೇ ಗೊತ್ತಿತ್ತು ಎಂದೆ. ಗೋಡೆಯ ಕಡೆ ತಿರುಗಿ ಮಲಗಿದಳು. ಬಹಳ ಹೊತ್ತಿನ ಮೇಲೆ, "ಪರೀಕ್ಷೆ ಇತ್ತಲ್ಲ ಅವನಿಗೆ, ಪಾಪ" ಎಂದಳು. ಹಾಗೆ ಅಂದವಳ ಮೇಲೆ ನನಗೆ ನಿಮ್ಮ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಬಂತು. ನಿಮ್ಮ ಡಿಸೆಂಬರಿನ ಕಾಗದವನ್ನು ಆರೋಗ್ಯಾಧಿಕಾರಿಯ ಮುಂದೆ ಚೀಲದಿಂದ ತೆಗೆಯದ ನನ್ನ ಮೇಲೆ ಅದಕ್ಕಿಂತಲೂ ಹೆಚ್ಚು.

ನಿನ್ನೆ ಅವ್ವ, "ಭದ್ರಾವತಿಗೆ ಕರ್ಕೊಂಡು ಹೋಗು" ಎಂದಳು. ವಿಶಾಲಮ್ಮನ ಮನೆಗೆ ಹೋದೆವು. ಅವ್ವ ಬಾಗಿಲು ದಾಟದೆ ಹೊರಗೇ ನಿಂತಳು. ನಿಮ್ಮ ಕಾಗದದ ನಕಲು ಅವಳ ಸೆರಗಿನ ತುದಿಯಲ್ಲಿತ್ತು.

"ನಿನ್ನ ಮಗೂನ ನಾನು ಕೊಂದೆ ಅಂತ ಬರೆದಿದ್ರಲ್ಲಮ್ಮ, ಅದು ಖಚಿತ ಅಲ್ವಂತೆ. ಈಗ ಕಾಗದ ಬಂದಿದೆ. ಅದನ್ನ ಹೇಳೋಣ ಅಂತ ಬಂದೆ."

ವಿಶಾಲಮ್ಮ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದು ಬಂದರು. ಕೂಸಿನ ಕಾಲು ಕಡ್ಡಿಯಂತಾಗಿದೆ. "ನಾನು ನಿಮ್ಮನ್ನ ಒಂದಿನಾನೂ ಅಂದಿಲ್ಲ ಕಾಶಮ್ಮ. ಕಾಗದ ಅಂತು. ಈಗ ಅದೇ ಕಾಗದ ಗೊತ್ತಿಲ್ಲ ಅಂತಿದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಓದಿದೋರು, ಹೇಳಿ. ಬಾವಿ ಚೆನ್ನಾಗಿದೆ ಅಂತ ಆ ಕಾಗದದಲ್ಲಿ ಇತ್ತಲ್ವಾ? ಅದನ್ನ ನಂಬಿಕೊಂಡು ನಾನು ಒಂಬತ್ತು ತಿಂಗಳು ಅದೇ ನೀರು ಸೇದಿ ಇವನಿಗೆ ಕುಡಿಸಿದೆ. ನನ್ನ ಕೈಯಾರೆ. ಅದನ್ನ ಬರೆದೋರು ಯಾರು? ಅವರಿಗೆ ಗೊತ್ತಿರಲಿಲ್ವಾ?"

ಅವ್ವ ನನ್ನ ಮೊಣಕೈ ಹಿಡಿದು, "ಯಾರೋ ಪುಣೆಯೋರಮ್ಮ, ದೊಡ್ಡೋರು" ಎಂದಳು.

"ಹಾಲಸ್ವಾಮಿ ಅಂತ. ಅವ್ವನ ಅಣ್ಣನ ಮಗ. ಅವರಿಗೆ ಗೊತ್ತಿತ್ತು" ಎಂದೆ.

ವಿಶಾಲಮ್ಮ ಅವ್ವನ ಮುಖ ನೋಡುತ್ತಾ ನಿಂತರು. ಆಮೇಲೆ ಒಳಗಿನಿಂದ ಚಾಪೆ ತಂದು ಹಾಸಿ, "ಒಳಗೆ ಬನ್ನಿ" ಎಂದರು. ಅವ್ವ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ವಿಶಾಲಮ್ಮ ನೀರು ತರಲು ಹೊರಟು, ಕೂಸನ್ನು ಅವ್ವನ ತೊಡೆಯ ಮೇಲೆ ಇಟ್ಟು ಹೋದರು. ಅವ್ವ ಎರಡೂ ಕೈಯನ್ನು ಮೇಲೆತ್ತಿಕೊಂಡಳು, ಮುಟ್ಟಲಿಲ್ಲ. ಕೂಸು ಜಾರತೊಡಗಿದಾಗ ಹಿಡಿದುಕೊಂಡಳು.

ಹಿಂದಿರುಗುವಾಗ ಭದ್ರಾ ಸೇತುವೆ ದಾಟಿದ ಮೇಲೆ ಅವ್ವ, "ಮನೆ ಹುಡುಗನ ಹೆಸರು ಹೇಳಿಬಿಟ್ಟೆಯಲ್ಲೇ" ಎಂದಳು. ಹೌದು ಎಂದೆ.

ನಿಮ್ಮ ತಂದೆಯವರು ದಿನ ಕೇಳಲು ಬರುವುದು ಬೇಡ. ಅವರಿಗೆ ಬೇರೆ ಕಾಗದ ಬರೆದಿದ್ದೇನೆ.

ವಿಶಾಲಮ್ಮ ಕೇಳಿದ್ದಕ್ಕೆ ಉತ್ತರ ಕೊಡಬೇಕಾದವರು ನೀವು. ಕಾಯುತ್ತೇನೆ ಎಂದಿದ್ದಾರೆ. ವಿಳಾಸ ಕೆಳಗಿದೆ. ಅವರಿಗೆ ಓದಲು ಬರುವುದಿಲ್ಲ, ನಿಮ್ಮ ಕಾಗದ ಬಂದ ದಿನ ನಾನೇ ಹೋಗಿ ಓದಿ ಹೇಳುತ್ತೇನೆ. ಅದರಲ್ಲಿ ನನಗೆಂದು ಏನೂ ಬರೆಯಬೇಡಿ.

ಜಗದಾಂಬಾ

ಶ್ರೀಮತಿ ವಿಶಾಲಮ್ಮ, ಶೇಷಪ್ಪನವರ ಮನೆ,
ಪುಟ್ಟಪ್ಪನವರ ಕೂಲಿ ಲೈನು, ಹಳೇ ಊರು, ಭದ್ರಾವತಿ